ಹೆಜ್ಜೆ ಸಪ್ಪಳವಾಗದಂತೆ ಜಪಾನಿನಲ್ಲಿ

ಒಂದು ಹೆಜ್ಜೆ ಇಟ್ಟರೆ ನೆಲ ಚಿಂವ್ ಎನ್ನುತ್ತದೆ. ಇನ್ನೊಂದು ಇಟ್ಟರೆ ಮತ್ತೆ ಚಿಂವ್. ತುದಿಗಾಲಲ್ಲಿ ನಡೆದು ನೋಡುತ್ತೇನೆ, ಗೋಡೆಯ ಅಂಚಿಗೆ ಸರಿದು ನೋಡುತ್ತೇನೆ, ಕಾಲೆತ್ತದೆ ಜಾರಿಸಿಕೊಂಡೂ ನೋಡುತ್ತೇನೆ. ಏನು ಮಾಡಿದರೂ ಈ ಹಲಗೆಗಳು ಚಾಡಿ ಹೇಳುವುದನ್ನು ಬಿಡುವುದಿಲ್ಲ. ಕ್ಯೋಟೊದ ನಿಜೊ ಕೋಟೆಯೊಳಗೆ, ನಿನೊಮಾರು ಅರಮನೆಯ ಉದ್ದನೆಯ ಪಡಸಾಲೆ ಇದು. 1603ರಲ್ಲಿ ಶೋಗನ್ (ಸೇನಾಧಿಪತಿಯಾದ ಆಳರಸ) ತೊಕುಗಾವಾ ಇಯೆಯಾಸು ಕಟ್ಟಿಸಿದ ಕೋಟೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಡಿಸುತ್ತಾರೆ, ಫೋಟೊ ತೆಗೆಯಲು ಬಿಡುವುದಿಲ್ಲ. ಇಷ್ಟರಲ್ಲಿ ಹಿಂದಿನಿಂದ ಶಾಲಾ ಮಕ್ಕಳ ಸಾಲೊಂದು ಬಂತು ನೋಡಿ, ಸಂಜೆ ಹೊತ್ತು ಹುಣಸೆಮರಕ್ಕೆ ಗುಬ್ಬಿಗಳೆಲ್ಲ ಒಟ್ಟಿಗೆ ಬಂದಿಳಿದ ಹಾಗೆ ಇಡೀ ಪಡಸಾಲೆ ಕಲರವಗುಟ್ಟಿತು.

"ಅತ್ತೆ, ನೀವು ಇಷ್ಟೊತ್ತಿಗೆ ಸಿಕ್ಕಿಬಿದ್ದಾಯ್ತು," ಎಂದು ನಗುತ್ತಾನೆ ಅಣ್ಣನ ಮಗ. ಒಸಾಕಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಇವನೇ ನನ್ನ ಗೈಡು. ನಾನು ಬಂದದ್ದು ದೇವಸ್ಥಾನ, ಉದ್ಯಾನ ನೋಡಲು. ಅವನು ಹಾಕಿಕೊಟ್ಟ ದಾರಿಯೇ ಬೇರೆ. ಚಿಕ್ಕಂದಿನಿಂದ ಅವನಿಗೆ ಹಿಡಿದ ಹುಚ್ಚು ಸ್ಟೆಲ್ತ್ ಗೇಮ್‌ಗಳದು. ಅಂದರೆ ಎದುರಾಳಿಗಳನ್ನು ಹೊಡೆದುರುಳಿಸುವುದಕ್ಕಿಂತ ಅವರ ಕಣ್ಣು-ಕಿವಿಗೆ ಬೀಳದೆ ದಾಟಿಹೋಗುವುದೇ ಜಾಣತನವಾದ ಆಟಗಳು. ಬೆಂಗಳೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ರಜೆಯೆಲ್ಲ ಅವನು ಆಡುತ್ತಿದ್ದುದು 'ಪ್ರಾಜೆಕ್ಟ್ ಐಜಿಐ'. ನಾರ್ವೆಯವರು 2000ದಲ್ಲಿ ತಂದ ಆ ಆಟ ನಮ್ಮ ಸೈಬರ್ ಕೆಫೆಗಳಲ್ಲಿ ಮನೆಮಾತಾಗಿತ್ತು. ನಡುವೆ ಎಲ್ಲೂ ಸೇವ್ ಮಾಡುವಂತಿಲ್ಲ. ಕ್ಯಾಮೆರಾ ಕಣ್ಣಿಗೆ ಬಿದ್ದು ಸೈರನ್ ಕೂಗಿತೋ, ಸೈನಿಕರು ಮುತ್ತಿದರೋ, ಸತ್ತರೆ ಮೊದಲಿಂದ ಶುರು. ಊಟಕ್ಕೆ ಕರೆದರೆ "ಒಂದೇ ನಿಮಿಷ ಅತ್ತೆ" ಎನ್ನುತ್ತಿದ್ದ, ಸಾರು ಆರಿ ತಣ್ಣಗಾಗುತ್ತಿತ್ತು. ಗುಂಡು ಹಾರಿಸಿ ಗೆಲ್ಲುವುದು ಬಿಟ್ಟು ಬೇಲಿಯ ಹಿಂದೆ ಬಾಗಿ ಕೂರುವುದರಲ್ಲಿ ಏನು ಸುಖವೋ ಎಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಈಗ ಅದನ್ನು ತಿಳಿಸಿಕೊಡುವ ಹಟ ಅವನಿಗೆ.

ಅರಮನೆಯಿಂದ ಹೊರಬಂದು ಜಗಲಿಯ ಕೆಳಗೆ ಬಗ್ಗಿ ನೋಡಿದರೆ ನೆಲದ ಗುಟ್ಟು ಕಾಣುತ್ತದೆ. ಹಲಗೆಯನ್ನು ತೊಲೆಗೆ ಬಿಗಿಯಲು ಬಾಗಿದ ಕಬ್ಬಿಣದ ಪಟ್ಟಿಗಳು, ಅವುಗಳ ತೂತಿನಲ್ಲಿ ಮೊಳೆಗಳು. ಮೇಲೆ ಭಾರ ಬಿದ್ದಾಗ ಪಟ್ಟಿ ಒಂದಿಷ್ಟು ಜಗ್ಗಿ ಮೊಳೆಗೆ ಉಜ್ಜುತ್ತದೆ, ಹಕ್ಕಿ ಕೂಗುತ್ತದೆ. ರಾತ್ರಿ ನುಸುಳುವ ಕೊಲೆಗಡುಕರನ್ನು ಹಿಡಿಯಲು ಮಾಡಿದ ಉಪಾಯ ಎಂದೇ ಪ್ರತೀತಿ. ಕೋಟೆಯವರು ಹಾಕಿರುವ ಫಲಕ ಮಾತ್ರ ಬೇರೆ ಹೇಳುತ್ತದೆ: ಇದು ಬೇಕೆಂದು ಮಾಡಿದ್ದಲ್ಲ, ಕಾಲಾಂತರದಲ್ಲಿ ಸವೆದು ಬಂದ ಸದ್ದು. ಓದಿ ನನಗೆ ನಿರಾಸೆಯಾಯಿತು, ಹುಡುಗನಿಗೆ ಆಗಲಿಲ್ಲ. "ಬೇಕಂತ ಮಾಡಿದ್ರೇನು, ಬಿಟ್ರೇನು? ಗೊತ್ತಾದ ಮೇಲೆ ನೀವು ನಡೆಯೋ ರೀತಿನೇ ಬದಲಾಯ್ತಲ್ಲ!" ಎಂದು 'ಥೀಫ್' ಎಂಬ ಆಟದ ಕಥೆ ತೆಗೆದ. ಅಮೆರಿಕದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ 1998ರಲ್ಲಿ ತಂದದ್ದು. ಅದರ ನಾಯಕ ಗ್ಯಾರೆಟ್ ಒಬ್ಬ ಕಳ್ಳ. ಕಲ್ಲುಹಾಸು, ಲೋಹದ ನೆಲದ ಮೇಲೆ ಅವನ ಹೆಜ್ಜೆ ಠಣ್ ಎನ್ನುತ್ತದೆ. ರತ್ನಗಂಬಳಿ, ಹುಲ್ಲಿನ ಮೇಲೆ ಸದ್ದಿಲ್ಲ. ಪಾಚಿ ತುಂಬಿದ ಬಾಣ ಬಿಟ್ಟರೆ ಗಟ್ಟಿ ನೆಲಕ್ಕೂ ಮೆತ್ತೆ ಹಾಸಿದಂತೆ. ನೀರಿನ ಬಾಣ ಪಂಜನ್ನು ಆರಿಸುತ್ತದೆ. ಪರದೆಯ ಕೆಳಗಿರುವ ಪುಟ್ಟ ಹರಳೊಂದು ನೀವು ಎಷ್ಟು ಬೆಳಕಿನಲ್ಲಿದ್ದೀರಿ ಎಂದು ಹೊಳೆದು ತೋರಿಸುತ್ತದೆ. ಕೇಳುತ್ತಿದ್ದಂತೆ ನನ್ನ ಕಣ್ಣು ತಾನಾಗಿ ಅಂಗಳದ ಮೇಲೆ ಹೋಯಿತು. ದಪ್ಪ ಜಲ್ಲಿ. ಇಲ್ಲಿ ನಡೆದರೆ ಖಂಡಿತ ಸಿಕ್ಕಿಬೀಳುತ್ತೇನೆ. ಅಲ್ಲೊಂದು ಪಾಚಿಯ ದಿಬ್ಬ. ಅಲ್ಲಿ ಪರವಾಗಿಲ್ಲ.

ಒಳಗಿನ ಚಿತ್ರಗಳ ಮಾತು ಹೇಳದೆ ಹೋಗಲಾರೆ. ಅತಿಥಿಗಳು ಕಾಯುವ ಕೋಣೆಯ ತುಂಬ ಬಂಗಾರದ ಹಿನ್ನೆಲೆಯಲ್ಲಿ ಹುಲಿಗಳು, ನಡುವೆ ಚಿರತೆಗಳು. ಜಪಾನಿನಲ್ಲಿ ಹುಲಿ ಇರಲಿಲ್ಲ. ಕಲಾವಿದರು ತೊಗಲು ನೋಡಿ, ಚೀನೀ ಚಿತ್ರ ನೋಡಿ ಬರೆದರು. ಚಿರತೆಯೆಂದರೆ ಹೆಣ್ಣು ಹುಲಿ ಎಂದೇ ಆಗ ತಿಳಿದಿದ್ದರಂತೆ. ಬಂಡೀಪುರದ ಹುಲಿಯನ್ನು ಕಂಡವರಿಗೆ ಈ ಹುಲಿಗಳ ಮುಖದಲ್ಲಿ ಸಾಕುಬೆಕ್ಕಿನ ಮುನಿಸು ಕಂಡು ನಗು ಬರುತ್ತದೆ. ಶೋಗನ್ ಕೂರುತ್ತಿದ್ದ ಸಭಾಂಗಣದಲ್ಲಿ ಕೆಂಪು ಗೊಂಡೆ ಇಳಿಬಿಟ್ಟ ಬಾಗಿಲುಗಳಿವೆ. ಅವುಗಳ ಹಿಂದೆ ಅಂಗರಕ್ಷಕರು ಅಡಗಿರುತ್ತಿದ್ದರಂತೆ. ಆ ಬಾಗಿಲು ನೋಡಿದ ಮೇಲೆ ಅರಮನೆ ನನಗೆ ಬರೀ ಅಲಂಕಾರವಾಗಿ ಉಳಿಯಲಿಲ್ಲ. ಯಾರು ಎಲ್ಲಿಂದ ನೋಡುತ್ತಾರೆ ಎಂಬ ಲೆಕ್ಕವಾಗಿ ಕಾಣತೊಡಗಿತು.

ಮರುದಿನ ಒಸಾಕಾದ ನಿಪ್ಪೊಂಬಾಶಿ. ನಮ್ಮ ಎಸ್.ಪಿ. ರಸ್ತೆಯ ಹಾಗೆ ಎಲೆಕ್ಟ್ರಾನಿಕ್ ಅಂಗಡಿಗಳ ಬೀದಿ. ಆದರೆ ಇಲ್ಲಿ ಯಾರೂ ಕೈಹಿಡಿದು ಎಳೆಯುವುದಿಲ್ಲ, ಗೊಂಬೆಗಳು ಮಾತ್ರ ಗಾಜಿನ ಹಿಂದಿನಿಂದ ದುರುಗುಟ್ಟುತ್ತವೆ. ಹಳೆಯ ಆಟಗಳ ಅಂಗಡಿಯೊಂದರಲ್ಲಿ ಭುಜ ಅಗಲಿಸಿದರೆ ಕಪಾಟು ತಾಗುತ್ತದೆ. ಬೆನ್ನಿಗೆ ಹಾಕಿದ್ದ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡು ಏಡಿಯಂತೆ ಅಡ್ಡಡ್ಡ ನಡೆಯುತ್ತೇನೆ. ಹುಡುಗ ಗಾಜಿನೊಳಗಿನ ಕಾರ್ಟ್ರಿಜ್ ಒಂದಕ್ಕೆ ಕೈಮುಗಿಯುವುದೊಂದು ಬಾಕಿ. ಅದು 1987ರ 'ಮೆಟಲ್ ಗಿಯರ್'. ಇದೇ ಒಸಾಕಾ ಪ್ರಾಂತ್ಯದಲ್ಲಿ 1969ರಲ್ಲಿ ಜೂಕ್‌ಬಾಕ್ಸ್ ಬಾಡಿಗೆ, ರಿಪೇರಿ ಅಂಗಡಿಯಾಗಿ ಶುರುವಾದ ಕೊನಾಮಿ ಕಂಪನಿಯ ಆಟ, ಎಂಎಸ್‌ಎಕ್ಸ್2 ಎಂಬ ಮನೆಬಳಕೆಯ ಕಂಪ್ಯೂಟರಿಗೆಂದು ಮಾಡಿದ್ದು. ಹೊಸದಾಗಿ ಸೇರಿದ್ದ ಹಿದೆಯೊ ಕೊಜಿಮಾಗೆ ಒಪ್ಪಿಸಿದ ಕೆಲಸ ಯುದ್ಧದ ಆಟ. ಆದರೆ ಆ ಯಂತ್ರಕ್ಕೆ ಪರದೆಯ ಒಂದೇ ಸಾಲಿನಲ್ಲಿ ಹೆಚ್ಚು ಚಲಿಸುವ ಬೊಂಬೆಗಳನ್ನು ತೋರಿಸುವ ಶಕ್ತಿಯಿಲ್ಲ. ನಾಲ್ಕು ಸೈನಿಕರು, ನಾಲ್ಕು ಗುಂಡು ಸೇರಿದರೆ ಚಿತ್ರ ಮಿನುಗಿ ಮಾಯ. ಯುದ್ಧ ತೋರಿಸಲಾಗದಿದ್ದರೆ ಯುದ್ಧ ತಪ್ಪಿಸಿಕೊಳ್ಳುವುದನ್ನೇ ಆಟವಾಗಿಸಿದರೆ? ಸೆರೆಯಿಂದ ಪಾರಾಗುವ 'ದಿ ಗ್ರೇಟ್ ಎಸ್ಕೇಪ್' ಸಿನಿಮಾ ಅವರ ಮನಸ್ಸಿನಲ್ಲಿತ್ತು. ಹೀಗೆ, ಯಂತ್ರದ ಬಡತನದಿಂದ ಒಂದು ಹೊಸ ಆಟದ ಬಗೆಯೇ ಬೆಳೆಯಿತು. ಕಾರ್ಟ್ರಿಜ್‌ನ ಬೆಲೆಚೀಟಿ ನೋಡಿದೆ. ಅದರ ಮುಂದೆ ನನ್ನ ಪರ್ಸಿನ ಬಡತನದಿಂದ ಏನೂ ಹುಟ್ಟುವ ಹಾಗಿರಲಿಲ್ಲ.

ಹಸಿವಿಗೆ ಮೂಲೆಯ ಕನ್ವೀನಿಯೆನ್ಸ್ ಅಂಗಡಿಯೇ ಗತಿ. ಅನ್ನದ ತ್ರಿಕೋನ ಉಂಡೆಗಳ ಮುಂದೆ ನಿಂತು ಫೋನಿನಲ್ಲಿ ಒಂದೊಂದೇ ಚೀಟಿ ಓದಿಸುತ್ತೇನೆ. ಸಾಲ್ಮನ್, ಟ್ಯೂನಾ, ಮೀನಿನ ಮೊಟ್ಟೆ. ಕೊನೆಗೆ ಉಪ್ಪಿನಲ್ಲಿ ಹಾಕಿದ ಉಮೆ ಹಣ್ಣಿನದು ಸಿಕ್ಕಿತು, ನಾಲಿಗೆಗೆ ಊರಿನ ಉಪ್ಪಿನಕಾಯಿಯ ನೆನಪಾಯಿತು. ಹುಡುಗ ಅಲ್ಲೇ ಇನ್ನೊಂದು ಕಥೆ ಬಿಚ್ಚಿದ. ಸ್ಟೆಲ್ತ್ ಆಟಗಳ ಮೂಲಪುರುಷ ಎನ್ನಬಹುದಾದ ಆಟ ನಡೆಯುವುದೇ ಇಂಥ ಅಂಗಡಿಯಲ್ಲಿ! 1979ರಲ್ಲಿ ಹಿರೋಶಿ ಸುಝುಕಿ ಎಂಬಾತ ಪೆಟ್ 2001 ಕಂಪ್ಯೂಟರಿಗೆ ಬರೆದ 'ಮಾನ್‌ಬಿಕಿ ಶೋನೆನ್'ನಲ್ಲಿ ಅಂಗಡಿಯವನ ದೃಷ್ಟಿ ತಪ್ಪಿಸಿ ಸಾಮಾನು ಎತ್ತುವ ಹುಡುಗನೇ ನಾಯಕ. ಸಾಮಾನೆಂದರೆ ಪರದೆಯ ಮೇಲಿನ ಡಾಲರ್ ಚಿಹ್ನೆಗಳು. ಇದನ್ನು ಕೇಳಿದ ಮೇಲೆ ನಾನು ಉಂಡೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದುಕೊಂಡೇ ಕೌಂಟರಿಗೆ ನಡೆದೆ. ಅಡಗುವುದರಲ್ಲಿ ನಿಜವಾದ ಪಳಗಿದ ಕೈ ಮಾತ್ರ ಇಲ್ಲಿಯ ಮೀನು. ತರಕಾರಿಯದ್ದೆಂದು ತಂದಿಟ್ಟ ಸೂಪಿನೊಳಗೂ ಒಣಮೀನಿನ ಸಾರ ಸದ್ದಿಲ್ಲದೆ ನುಸುಳಿರುತ್ತದೆ.

ಮುಂದಿನ ಗುರಿ ನಿಂಜಾಗಳ ಊರು ಇಗಾ. ಅಲ್ಲಿಗೆ ಹೋಗುವ ದಾರಿ ಉದ್ದ. ಕ್ಯೋಟೊದಿಂದ ಹೊರಟು ಕುಸಾತ್ಸುವಿನಲ್ಲಿ ಇಳಿ, ತ್ಸುಗೆಯಲ್ಲಿ ಇಳಿ; ಕೊನೆಗೆ ಸಿಗುವುದು ಗದ್ದೆ, ಬಿದಿರು ಮೆಳೆಗಳ ನಡುವೆ ಗುಡುಗುಡಿಸುವ ಡೀಸೆಲ್ ಗಾಡಿ. ಮಡಿಸಿದ ಬ್ಯಾಗು, ಬಾಟಲಿ, ಎಲ್ಲೂ ಕಸದ ಬುಟ್ಟಿ ಸಿಗದೆ ಹೊತ್ತು ತಂದ ನಿನ್ನೆಯ ಹಾಳೆಗಳೊಂದಿಗೆ ನಾವು. ದಾರಿಯಲ್ಲಿ ಪಾಠ ಮುಂದುವರಿಯುತ್ತದೆ. ಎಲ್ಲವೂ 1998ನೇ ಇಸವಿಗೆ ಬಂದು ಸೇರುತ್ತದೆ. ಆ ಒಂದೇ ವರ್ಷದಲ್ಲಿ ನಿಂಜಾಗಳ 'ತೆಂಚು', ಪ್ಲೇಸ್ಟೇಷನ್‌ಗೆ 'ಮೆಟಲ್ ಗಿಯರ್ ಸಾಲಿಡ್', ಸ್ಪೇನಿನಿಂದ 'ಕಮಾಂಡೋಸ್', ಜೊತೆಗೆ ಆ 'ಥೀಫ್'. ಪರದೆ ಮೂರು ಆಯಾಮ ಪಡೆಯುತ್ತಿದ್ದ ಕಾಲ ಅದು. ನೆರಳು, ಎತ್ತರ, ದೂರದ ಸದ್ದು ಎಲ್ಲಕ್ಕೂ ಅರ್ಥ ಬಂತು. ಆಮೇಲೆ 2002ರ 'ಸ್ಪ್ಲಿಂಟರ್ ಸೆಲ್' ಕತ್ತಲನ್ನೇ ಮನೆ ಮಾಡಿಕೊಂಡಿತು. 2012ರ 'ಮಾರ್ಕ್ ಆಫ್ ದಿ ನಿಂಜಾ'ದಲ್ಲಿ ಸದ್ದೇ ಕಣ್ಣಿಗೆ ಕಾಣುತ್ತದೆ: ಹೆಜ್ಜೆಯಿಟ್ಟಲ್ಲೆಲ್ಲ ಒಂದು ವರ್ತುಲ ಹರಡುತ್ತದೆ, ಅದು ಕಾವಲುಗಾರನನ್ನು ಮುಟ್ಟಿದರೆ ಅವನ ಕಿವಿಗೂ ಮುಟ್ಟಿದಂತೆ.

ಇಗಾ-ಉಎನೊದಲ್ಲಿ ಮತ್ತೊಮ್ಮೆ ಗಾಡಿ ಬದಲಿಸಿದರೆ, ಎದುರಿಗೇ ಎರಡು ದೊಡ್ಡ ಕಣ್ಣು! ಇಗಾ ರೈಲ್ವೆಯ ಪುಟ್ಟ ಗಾಡಿಯ ಮೂತಿಯ ಮೇಲೆ ನಿಂಜಾ ಮುಖ. ಬರೆದುಕೊಟ್ಟವರು ಹೆಸರಾಂತ ಕಾಮಿಕ್ಸ್ ಕಲಾವಿದ ಲೇಜಿ ಮಾತ್ಸುಮೊತೊ. ಉಎನೊ-ಶಿ ನಿಲ್ದಾಣಕ್ಕೆ 2019ರಿಂದ 'ನಿಂಜಾ-ಶಿ' ಎಂಬ ಅಡ್ಡಹೆಸರೂ ಉಂಟು. ಕಾಣದಂತೆ ಬದುಕಿದವರ ಊರು ತನ್ನನ್ನು ಇಷ್ಟು ಢಾಣಾಡಂಗುರವಾಗಿ ಸಾರಿಕೊಳ್ಳುವುದನ್ನು ಕಂಡು ಹಳೆಯ ನಿಂಜಾಗಳು ಏನೆನ್ನುತ್ತಿದ್ದರೋ!

ಕೋಟೆಯ ಉದ್ಯಾನದಲ್ಲಿರುವ ಇಗಾ ನಿಂಜಾ ವಸ್ತುಸಂಗ್ರಹಾಲಯದ ಮನೆ ಹೊರಗಿನಿಂದ ಹುಲ್ಲು ಹೊದಿಸಿದ ಸಾಧಾರಣ ರೈತನ ಮನೆ. ಮಲೆನಾಡಿನಲ್ಲಿ ಇಟ್ಟರೂ ಯಾರೂ ತಿರುಗಿ ನೋಡಲಿಕ್ಕಿಲ್ಲ. ಒಳಗೆ ಗೈಡ್ ಹುಡುಗಿ ಗೋಡೆಗೆ ಭುಜ ಕೊಡುತ್ತಾಳೆ. ಗೋಡೆ ಗಿರ್ರನೆ ತಿರುಗಿ ಅವಳನ್ನು ನುಂಗುತ್ತದೆ. ನಾನು ಬಾಯಿ ಮುಚ್ಚುವಷ್ಟರಲ್ಲಿ ಇನ್ನೊಂದು ಕಡೆಯಿಂದ ಹಾಜರ್. ಆಮೇಲೆ ಬಾಗಿಲ ಬಳಿಯ ನೆಲಹಲಗೆಯ ಒಂದು ತುದಿಯನ್ನು ಕಾಲಿನಿಂದ ಒತ್ತುತ್ತಾಳೆ. ಹಲಗೆಯ ಇನ್ನೊಂದು ತುದಿ ಮೇಲೇಳುತ್ತದೆ, ಕೈ ಕೆಳಗಿಳಿಯುತ್ತದೆ, ಬರುವಾಗ ಕೈಯಲ್ಲಿ ಕತ್ತಿ. ಎಲ್ಲ ಕಣ್ಣುಮಿಟುಕಿಸುವಷ್ಟರಲ್ಲಿ. ಪಕ್ಕದ ಮಗುವೊಂದು "ಇನ್ನೊಮ್ಮೆ, ಇನ್ನೊಮ್ಮೆ" ಎಂದು ಕುಣಿಯಿತು. ಜಪಾನಿ ಬಾರದಿದ್ದರೂ ಅದು ನನಗೆ ಅರ್ಥವಾಯಿತು, ನನ್ನ ಬೇಡಿಕೆಯೂ ಅದೇ ಆಗಿತ್ತು.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಮಾತ್ರ ತಿರುಗುವ ಗೋಡೆಯಲ್ಲ, ಪಕ್ಕದ ಕೋಣೆಯ ಬಟ್ಟೆ. ನಿಂಜಾ ಎಂದರೆ ಅಡಿಯಿಂದ ಮುಡಿಯವರೆಗೆ ಕಪ್ಪು ಎಂದು ಸಿನಿಮಾ, ಆಟಗಳು ಕಲಿಸಿವೆ. ಇಗಾದವರು ತೊಡುತ್ತಿದ್ದುದು ಹೊಲಗೆಲಸದ ನೀಲಿ ಬಟ್ಟೆ. ಬೇರೆ ಸೀಮೆಗೆ ಹೋಗುವಾಗ ಭಿಕ್ಷು, ವ್ಯಾಪಾರಿ, ಆಟದವನ ವೇಷ. ಅವರ ಮುಖ್ಯ ಕೆಲಸ ಕಾದಾಡುವುದಲ್ಲ, ಸುದ್ದಿ ತರುವುದು. ಈ ವಿದ್ಯೆಯನ್ನೆಲ್ಲ ಒಟ್ಟುಮಾಡಿದ 'ಬನ್ಸೆನ್‌ಶುಕಾಯ್' ಎಂಬ ಗ್ರಂಥ ಸಿದ್ಧವಾದದ್ದು 1676ರಲ್ಲಿ, ಯುದ್ಧಗಳೆಲ್ಲ ಮುಗಿದು ಕಲಿತದ್ದು ಮರೆತುಹೋಗುತ್ತಿದ್ದ ಕಾಲಕ್ಕೆ. ಮಿಯೆ ವಿಶ್ವವಿದ್ಯಾಲಯದಲ್ಲಿ ಈಗ ನಿಂಜಾ ವಿಷಯದಲ್ಲೇ ಎಂ.ಎ. ಓದಬಹುದು. "ನೋಡಿ ಅತ್ತೆ, ಕತ್ತಲಲ್ಲಿ ಅಡಗೋದು ಒಂದು, ಜನರ ನಡುವೆ ಅಡಗೋದು ಇನ್ನೊಂದು," ಎಂದ ಹುಡುಗ. ಆಟಗಳಲ್ಲೂ ಎರಡು ದಾರಿಗಳಿವೆ. 1981ರ 'ಕ್ಯಾಸಲ್ ವುಲ್ಫೆನ್‌ಸ್ಟೈನ್'ನಲ್ಲೇ ಸೆರೆಯಾಳು ನಾಜಿ ಸಮವಸ್ತ್ರ ತೊಟ್ಟು ಕಾವಲುಗಾರರ ಎದುರಿಗೇ ನಡೆಯಬಹುದಿತ್ತು. 2000ದಲ್ಲಿ ಡೆನ್ಮಾರ್ಕಿನಿಂದ ಬಂದ 'ಹಿಟ್‌ಮ್ಯಾನ್'ನ ಬೋಳುತಲೆಯವನು ಅಡುಗೆಯವನಾಗಿ, ವೇಟರಾಗಿ ಸಂತೆಯಲ್ಲಿ ಕರಗುತ್ತಾನೆ.

ಊರಿನ ವಿಶೇಷ ತಿಂಡಿ ಕತಾಯಾಕಿ. ನಿಂಜಾಗಳ ಬುತ್ತಿಯಂತೆ. ಗೋಧಿಹಿಟ್ಟಿನ ಬಿಲ್ಲೆ, ಜೊತೆಗೆ ಒಂದು ಮರದ ಸುತ್ತಿಗೆ! ತಮಾಷೆಗೆಂದು ಭಾವಿಸಿ ಕಚ್ಚಿದೆ. ಹಲ್ಲು ಜುಂ ಎಂದಿತು. ಸುತ್ತಿಗೆಯಿಂದ ಬಾರಿಸಿದರೆ ಒಂದು ಚೂರು ಹಾರಿ ಪಕ್ಕದ ಬೆಂಚಿನವರ ಮಡಿಲಿಗೆ ಬಿತ್ತು. ನಾನು ತಲೆಬಾಗಿದೆ, ಅವರು ತಲೆಬಾಗಿದರು, ನಾನು ಮತ್ತೆ ಬಾಗಿದೆ. ಮೊದಲು ನಿಲ್ಲಿಸುವವರು ಯಾರೆಂದು ತಿಳಿಯದೆ ಒಂದಿಷ್ಟು ಹೊತ್ತು ಹಾಗೇ ನಡೆಯಿತು. ಎದುರಿಗೆ ಕೋಟೆಯ ಕಲ್ಲುಗೋಡೆ ಕಂದಕದ ನೀರಿನಿಂದ ಸುಮಾರು 30 ಮೀಟರ್ ಎದ್ದು ನಿಂತಿದೆ. ಈ ಸೀಮೆಯ ಮೇಲೆ 1579ರಲ್ಲಿ ಆಗಿನ ಪ್ರಬಲ ಸೇನಾಧಿಪತಿ ಒದಾ ನೊಬುನಾಗಾನ ಮಗ ಏರಿಬಂದು ಸೋತ. 1581ರಲ್ಲಿ ನೊಬುನಾಗಾನೇ ದೊಡ್ಡ ಸೈನ್ಯ ಕಳಿಸಿ ಇಗಾವನ್ನು ಸುಟ್ಟು ನೆಲಸಮ ಮಾಡಿಸಿದ. 2025ರಲ್ಲಿ ಬಂದ 'ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್' ಆಟದ ನಾಯಕಿ ನಾಒಎ ಈ ಇಗಾದವಳೇ. ದೀಪ ಆರಿಸುತ್ತಾಳೆ, ಹುಲ್ಲಿನಲ್ಲಿ ಬೋರಲು ಮಲಗಿ ತೆವಳುತ್ತಾಳೆ. ಸಂಖ್ಯೆಯಲ್ಲಿ ಸೋತವರ ಕೈಗೆ ಉಳಿಯುವ ಬಲವೇ ಇದು: ಎದುರಿನವನು ಏನನ್ನು ನೋಡುತ್ತಿದ್ದಾನೆ, ಏನನ್ನು ನೋಡುತ್ತಿಲ್ಲ ಎಂಬ ತಿಳಿವಳಿಕೆ. ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂತ ಹತ್ತು ವರ್ಷದ ಹುಡುಗನಿಗೆ ಅದು ಯಾಕೆ ಹಿಡಿಸಿತೆಂದು ನನಗೆ ಅಲ್ಲಿ ಹೊಳೆಯಿತು. ಮನೆಯಲ್ಲಿ, ಶಾಲೆಯಲ್ಲಿ ಎಲ್ಲರ ಕಣ್ಣೂ ತನ್ನ ಮೇಲೇ ಇರುವ ವಯಸ್ಸಿನಲ್ಲಿ, ಯಾರಿಗೂ ಕಾಣದೆ ತಾನೇ ಎಲ್ಲರನ್ನೂ ನೋಡುವ ಒಂದು ಜಾಗ ಅವನಿಗೆ ಸಿಕ್ಕಿತ್ತು.

ಹಿಂತಿರುಗುವ ಗಾಡಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಯಂತ್ರ ನನ್ನ ಪಾಲಿಗೆ ಬಂತು. ಆಟ 'ಶ್ಯಾಡೋ ಟ್ಯಾಕ್ಟಿಕ್ಸ್', ಜರ್ಮನಿಯವರು 2016ರಲ್ಲಿ ಮಾಡಿದ್ದು, ಕಥೆ ಮಾತ್ರ ಈ ನೆಲದ್ದು. ಪ್ರತಿ ಕಾವಲುಗಾರನ ದೃಷ್ಟಿ ಹಸಿರು ಬೀಸಣಿಗೆಯಾಗಿ ನೆಲದ ಮೇಲೆ ಹರಡಿದೆ. ಹಿಮದಲ್ಲಿ ನಡೆದರೆ ಹೆಜ್ಜೆಗುರುತು ಮೂಡುತ್ತದೆ, ಅದನ್ನು ಕಂಡವನು ಹಿಂಬಾಲಿಸುತ್ತಾನೆ. ಒಬ್ಬ ಬಾವಿಯ ಬಳಿ ನಿಂತು ಮಾತಾಡುತ್ತಾನೆ, ಒಬ್ಬ ಸೇತುವೆಯವರೆಗೆ ಹೋಗಿ ತಿರುಗುತ್ತಾನೆ, ಇನ್ನೊಬ್ಬ ಪ್ರತಿ ಸಲವೂ ಅದೇ ಮರದ ಕೆಳಗೆ ಒಂದು ಗಳಿಗೆ ನಿಲ್ಲುತ್ತಾನೆ. ನಾನು ಸೂರಿನ ಮೇಲೆ ನನ್ನ ನಿಂಜಾನನ್ನು ಕೂರಿಸಿ ಎಲ್ಲರ ದಿನಚರಿ ನೋಡುತ್ತಾ ಕೂತೆ. ಹೊಸ ಊರಿಗೆ ಬಂದಾಗಲೂ ನಾನು ಮಾಡುವುದು ಇದನ್ನೇ ಅಲ್ಲವೇ ಎಂದು ಖುಷಿಯಾಯಿತು.

"ಅತ್ತೆ, ಕುಸಾತ್ಸು ಬಂತು. ಇಷ್ಟು ಹೊತ್ತಾದ್ರೂ ಒಂದು ಗೇಟು ದಾಟಿಲ್ವಲ್ಲ ನೀವು! ಮಿಷನ್ ಮುಗಿಸಲ್ವಾ?"

"ಒಂದೇ ನಿಮಿಷ ಇರೋ," ಎಂದೆ. "ಆ ಮರದ ಕೆಳಗಿನವನು ಆಮೇಲೆ ಎಲ್ಲಿಗೆ ಹೋಗ್ತಾನೆ ಅಂತ ನೋಡ್ಬೇಕು."