ಹಾಳೆಯ ಅಂಚಿನಲ್ಲಿ ತುಂಡಾದ ಕನ್ನಡ



ಪುತ್ತಿಗೆಯ ನಮ್ಮ ಮನೆಯ ಹಿಂದಿನ ಗುಡ್ಡದಲ್ಲೊಂದು ಸುರಂಗವಿದೆ. ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುವ ಮಗಳು ಶಾಸ್ತ್ರಮೇಳಕ್ಕಾಗಿ ಅದರ ನೀರನ್ನು ವಾರಕ್ಕೊಮ್ಮೆ ಅಳೆದಳು: ಒಂದು ಕೊಡ ತುಂಬಲು ಎಷ್ಟು ಸೆಕೆಂಡು? ಜೊತೆಗೆ ಬಾವಿಯ ನೀರಿನ ಆಳ, ಮಳೆ, ಗರಿಷ್ಠ ಉಷ್ಣತೆ. ಒಂದೇ ಹಾಳೆಯಲ್ಲಿ ನಾಲ್ಕು ಗ್ರಾಫ್‌ಗಳನ್ನು ಜೋಡಿಸಲು ‘ಆರ್’ ಎಂಬ ಉಚಿತ ತಂತ್ರಾಂಶದ ಮುಂದೆ ಕುಳಿತೆವು.

ಮೊದಲ ಪ್ರತಿಯಲ್ಲಿ ಕನ್ನಡವೇ ಇರಲಿಲ್ಲ. ಅಕ್ಷರಗಳ ಸ್ಥಾನದಲ್ಲಿ ಬರಿಯ ಚುಕ್ಕಿಗಳು. ಅದರ ಸಾಮಾನ್ಯ ಪಿಡಿಎಫ್ ವಿಧಾನಕ್ಕೆ ನಮ್ಮ ಲಿಪಿ ತಿಳಿಯದು. ‘ಕೈರೋ ಪಿಡಿಎಫ್’ ವಿಧಾನಕ್ಕೆ ಬದಲಾಯಿಸಿದಾಗ ಒತ್ತಕ್ಷರಗಳೂ ಸರಿಯಾಗಿ ನಿಂತವು. ಆದರೆ ‘ಕೊಡ ತುಂಬಲು ಬೇಕಾದ ಸಮಯ (ಸೆಕೆಂಡು)’ ಎಂಬ ಲಂಬಾಕ್ಷದ ಹೆಸರು ಉದ್ದವಾಯಿತು. ಎರಡು ಸಾಲಾಗಿ ಮುರಿದರೆ ಮೊದಲ ಸಾಲು ಎಡ ಅಂಚಿನಲ್ಲಿ ತುಂಡಾಯಿತು.

ನೋಡಿದ ಪರಿಚಿತರೊಬ್ಬರು, “ಇಂಗ್ಲಿಷಿನಲ್ಲಿ ‘ಟೈಮ್’ ಎಂದು ಹಾಕಿಬಿಡಿ” ಎಂದರು. ಒಂದು ಕ್ಷಣ ನಾನೂ ಒಪ್ಪಿದ್ದೆನೆಂಬುದನ್ನು ಮುಚ್ಚಿಡಲಾರೆ. ಮಗಳೇ ಕೇಳಿದಳು: “ಅಪ್ಪ, ಯಾವುದರ ಟೈಮ್?”

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಅದು ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಯ ಮಾತನ್ನಾಡುತ್ತದೆ. ಒಂಬತ್ತನೆಯ ತರಗತಿಯ ಗ್ರಾಫಿನ ಅಕ್ಷ ನಮ್ಮ ಹೆಗಲಿಗೇ ಬಿದ್ದದ್ದು.

ಎಡ ಅಂಚಿಗೆ ತಂತ್ರಾಂಶವು ತಾನಾಗಿ ಕೊಡುವುದು 4.1 ಸಾಲಿನ ಜಾಗ. ಅಕ್ಷದ ಹೆಸರು ಮೂರನೆಯ ಸಾಲಿನಲ್ಲಿ ಕೂರುತ್ತದೆ. ಇನ್ನೊಂದು ಸಾಲು ಸೇರಿದರೆ ಹೊರಕ್ಕೆ. ಉತ್ಸಾಹದಿಂದ ನಾಲ್ಕೂ ಬದಿ ವಿಪರೀತ ಹಿಗ್ಗಿಸಿದಾಗ, ಅಂಚು ಅತಿ ದೊಡ್ಡದಾಯಿತೆಂದು ಹೇಳಿ ಅದು ಚಿತ್ರ ಬಿಡಿಸಲೇ ನಿರಾಕರಿಸಿತು. (ನಮ್ಮ ಮನವಿಗಳಿಗೆ ಬರುವ ಉತ್ತರಗಳು ನೆನಪಾದವು.) ಹಾಗಾದರೆ ಜಾಗ ವ್ಯರ್ಥವಾಗುತ್ತಿರುವುದೆಲ್ಲಿ? ಶೀರ್ಷಿಕೆಯಿಲ್ಲದ ಮೇಲಂಚು ಬರಿದಾಗಿತ್ತು; ಅದನ್ನು ಒಂದು ಸಾಲಿಗೆ ಇಳಿಸಿದೆವು. ‘ತಿಂಗಳು’ ಎಂಬ ಪದ ನಾಲ್ಕು ಕಡೆ ಇತ್ತು. ಅದನ್ನು ತೆಗೆದು ನಾಲ್ಕರ ಕೆಳ ಅಂಚನ್ನೂ ಸಮಾನವಾಗಿ ಕಿರಿದುಗೊಳಿಸಿದೆವು. ಮೇಲಿನೆರಡನ್ನು ಮಾತ್ರ ಕಿರಿದುಗೊಳಿಸಿದರೆ ಗ್ರಾಫ್‌ಗಳ ಎತ್ತರವೇ ಏರುಪೇರಾಗುತ್ತದೆ. ನಾಲ್ಕನ್ನೂ ಸುತ್ತುವರಿಯುವ ‘ಹೊರ ಅಂಚು’ ಎಂಬುದೊಂದಿದೆ, ಮೊದಲಿಗೆ ಅದರ ಬೆಲೆ ಸೊನ್ನೆ. ಕೆಳಬದಿಯಲ್ಲಿ ಅದಕ್ಕೆ ಎರಡು ಸಾಲು ಕೊಟ್ಟು ‘ತಿಂಗಳು’ ಎಂದು ಒಮ್ಮೆ ಮಾತ್ರ ಬರೆದೆವು. ಎಡ ಅಂಚಿಗೆ ಆರು ಸಾಲು ದಕ್ಕಿತು.

ಮುದ್ರಿಸಿದ ಹಾಳೆಯನ್ನು ಮಗಳು ಅಜ್ಜಿಗೆ ಕೊಟ್ಟಳು. ಅವರು ಕನ್ನಡಕ ಏರಿಸಿ, ಹಾಳೆಯನ್ನು ಅಡ್ಡ ತಿರುಗಿಸಿ ಎರಡೂ ಸಾಲುಗಳನ್ನು ಓದಿದರು. ಬಳಿಕ ಏರುತ್ತಿದ್ದ ಗೆರೆಯ ಮೇಲೆ ಬೆರಳಿಟ್ಟು, “ಎಪ್ರಿಲಿನಲ್ಲಿ ಒಂದು ಕೊಡಕ್ಕೆ ಇಷ್ಟು ಹೊತ್ತಾ?” ಎಂದು ಕೇಳಿದರು.