ಕೇಳುವವನೂ ಒಂದು ಕೊಂಡಿ

ಪ್ರತಿಯೊಬ್ಬನೂ ನಾಳೆಗಾಗಿ ತಾನು ಏನನ್ನು ಮುಂದೆ ಕಳುಹಿಸಿದ್ದೇನೆಂದು ನೋಡಿಕೊಳ್ಳಬೇಕೆಂದು ಪವಿತ್ರ ಕುರ್‌ಆನ್ ಸತ್ಯವಿಶ್ವಾಸಿಗಳಿಗೆ ಆದೇಶಿಸುತ್ತದೆ (ಅಲ್ ಹಶ್ರ್: 18). ಈ ಆತ್ಮಪರಿಶೋಧನೆಯನ್ನು ನಮ್ಮ ವಿದ್ವಾಂಸರು ‘ಮುಹಾಸಬ’ ಎಂದು ಕರೆದರು. ನಮಾಝ್, ಉಪವಾಸ, ನಾಲಗೆಯ ಪಾಪಗಳು ಇವುಗಳ ಲೆಕ್ಕ ನೋಡುವುದೇ ಮುಹಾಸಬ ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಆದರೆ ಇನ್ನೊಬ್ಬರ ಬದುಕನ್ನು ಕೇಳಿ, ಬರೆದು, ಅದರ ಬಗ್ಗೆ ತೀರ್ಮಾನ ಹೇಳುವುದೇ ಉದ್ಯೋಗವಾದವರಿಗೆ ಈ ಲೆಕ್ಕ ಇನ್ನೂ ಕಠಿಣವಾದುದು.

ಇಂದು ನಮ್ಮ ಮಕ್ಕಳು ಸಮಾಜಕಾರ್ಯ, ಶಿಕ್ಷಣ, ಶುಶ್ರೂಷೆ, ಪತ್ರಿಕೋದ್ಯಮಗಳನ್ನು ಕಲಿಯುತ್ತಿದ್ದಾರೆ. ಅವರಿಗೆ ‘ಗುಣಾತ್ಮಕ ಸಂಶೋಧನೆ’ ಎಂಬ ಪಾಠವಿರುತ್ತದೆ. ಅಂಕಿಗಳನ್ನು ಎಣಿಸುವುದಕ್ಕಿಂತ ಜನರ ಮಾತು, ಮೌನ, ಅನುಭವಗಳನ್ನು ಅರ್ಥಮಾಡಿಕೊಳ್ಳುವ ವಿಧಾನವದು. ಅದರಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಒಂದು, ಮಾಡಿದ ಕೆಲಸವನ್ನು ಮರುಚಿಂತಿಸುವುದು: ನಾನು ಏನು ಮಾಡಿದೆ, ಅದರಿಂದ ಏನಾಯಿತು? ಎರಡನೆಯದು ಇನ್ನೂ ಆಳವಾದುದು: ನಾನು ಯಾರಾಗಿರುವುದರಿಂದ ನನಗೆ ಹೀಗೆ ಕಂಡಿತು, ನನ್ನ ಮುಂದೆ ಅವರು ಹೀಗೆ ಮಾತನಾಡಿದರು? ವೃತ್ತಿಪರರು ಕೆಲಸದ ನಡುವೆಯೂ ಕೆಲಸದ ನಂತರವೂ ನಡೆಸುವ ಚಿಂತನೆಯಿಂದ ಕಲಿಯುತ್ತಾರೆಂದು ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ಪುಸ್ತಕವೊಂದನ್ನೇ ಬರೆದರು. ನಮ್ಮ ಮಕ್ಕಳು ಇದನ್ನು ಹೊಸ ವಿದ್ಯೆಯೆಂದು ಕಲಿಯುತ್ತಾರೆ. ಅದರ ಬೇರು ತಮ್ಮ ಮನೆಯಲ್ಲೇ ಇದೆಯೆಂದು ಅವರಿಗೆ ಹೇಳುವವರು ಕಡಿಮೆ.

ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ನೆರವಾಗುವ ಅವಕಾಶ ನನಗೆ ಆಗಾಗ ದೊರೆಯುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿದ ದುಡ್ಡಿನಿಂದಲೇ ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ ನಡೆದಿದೆ. ಬಂಟ್ವಾಳದ ಬಳಿಯ ಅಂತಹ ಒಂದು ಮನೆಗೆ ಇಬ್ಬರು ವಿದ್ಯಾರ್ಥಿನಿಯರು ಹೋದರು. ಒಬ್ಬಳು ಮೂಡುಬಿದಿರೆ ಕಡೆಯ ತುಳು ಮಾತನಾಡುವ ಹಿಂದೂ ಹುಡುಗಿ, ಇನ್ನೊಬ್ಬಳು ಬೆಳ್ತಂಗಡಿಯ ಬ್ಯಾರಿ ಹುಡುಗಿ. “ಈ ಕೆಲಸದಲ್ಲಿ ನಿಮಗೆ ತೃಪ್ತಿ ಇದೆಯೇ?” ಎಂದು ಕನ್ನಡದಲ್ಲಿ ಕೇಳಿದರು. “ಅಲ್ಲಾಹು ಕೊಟ್ಟದ್ದು ಸಾಕು” ಎಂದರು ಆ ತಾಯಿ. ಮೊದಲನೆಯವಳು ತನ್ನ ಟಿಪ್ಪಣಿಯಲ್ಲಿ ‘ವಿಧಿಗೆ ಶರಣಾದ ಮನೋಭಾವ’ ಎಂದು ಬರೆದಳು. ಎರಡನೆಯವಳು ‘ಸಬ್ರ್ ಮತ್ತು ತವಕ್ಕುಲ್‌ನ ಮಾದರಿ’ ಎಂದು ಬರೆದಳು. ಮಾತು ಒಂದೇ, ಕಿವಿಗಳು ಎರಡು.

ಇಬ್ಬರನ್ನೂ ಮತ್ತೊಮ್ಮೆ ಹೋಗಿ ಬರಲು ಹೇಳಿದೆವು. ಈ ಸಲ ಪುಸ್ತಕ ಪೆನ್ನು ಬದಿಗಿಟ್ಟು, ಎಲೆ ಕತ್ತರಿಸಲು ಕೈ ಜೋಡಿಸುತ್ತಾ, ಬ್ಯಾರಿ ಮತ್ತು ತುಳುವಿನಲ್ಲಿ ಮಾತಾಡಿದರು. ಆಗ ಬೇರೆಯೇ ಸಂಗತಿಗಳು ಹೊರಬಂದವು: ಬ್ರಾಂಚಿನಲ್ಲಿ ‘ಸರಿಯಿಲ್ಲ’ ಎಂದು ತಿರಸ್ಕೃತವಾಗುವ ಬೀಡಿಗಳು, ಬಗ್ಗಿ ಕುಳಿತು ಸೋತ ಬೆನ್ನು, ಮಗನ ಕಾಲೇಜು ಫೀಸು. ಮೊದಲ ದಿನ ಇದನ್ನೇಕೆ ಹೇಳಲಿಲ್ಲವೆಂದು ಕೇಳಿದಾಗ, “ಬರೆಯುವವರ ಮುಂದೆ ಮನೆಯ ಮಾನ ಉಳಿಸಬೇಕಲ್ಲ ಮಗಳೇ” ಎಂದರು. ಆ ತಾಯಿ ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಆಸ್ಪತ್ರೆ ಹಾಗೂ ಕಛೇರಿಗಳಲ್ಲಿ ಕನ್ನಡ ಆಡುವವರು. ಕನ್ನಡದಲ್ಲಿ ಬಂದ ಪ್ರಶ್ನೆಗೆ ಅವರು ಅಧಿಕಾರಿಗೆ ಕೊಡುವ ಉತ್ತರವನ್ನು ಕೊಟ್ಟಿದ್ದರು. ಹಾಗೆಂದು ಅವರ ತವಕ್ಕುಲ್ ಸುಳ್ಳಲ್ಲ, ಅವರ ನೋವೂ ಸುಳ್ಳಲ್ಲ. ಒಂದನ್ನು ಮಾತ್ರ ಬರೆದರೆ ಬರೆದವರಿಂದ ಅನ್ಯಾಯವಾಗುತ್ತದೆ.

ಹದೀಸ್ ವಿಜ್ಞಾನವನ್ನು ಇಲ್ಲಿ ನೆನೆಯಬೇಕು. ವಿದ್ವಾಂಸರು ಸುದ್ದಿಯನ್ನು ಮಾತ್ರ ಪರೀಕ್ಷಿಸಲಿಲ್ಲ, ಸುದ್ದಿ ತಂದವನನ್ನೂ ಪರೀಕ್ಷಿಸಿದರು. ಅವನ ಪ್ರಾಮಾಣಿಕತೆ, ನೆನಪಿನ ಶಕ್ತಿ, ಯಾರಿಂದ ಕೇಳಿದ ಎಂಬುದನ್ನು ದಾಖಲಿಸಿದರು. ವೃದ್ಧಾಪ್ಯದಲ್ಲಿ ನೆನಪು ಕದಡಿದವರಿಂದ ಅದಕ್ಕೆ ಮುಂಚೆ ಕೇಳಿದ್ದನ್ನೂ ಅನಂತರ ಕೇಳಿದ್ದನ್ನೂ ಬೇರ್ಪಡಿಸಿದರು. ಒಂದು ಪಂಥದ ಕಡೆಗೆ ಒಲವಿದ್ದ ವರದಿಗಾರನು ಆ ಒಲವಿಗೆ ಅನುಕೂಲವಾದ ಮಾತನ್ನು ತಂದಾಗ ಅನೇಕ ವಿದ್ವಾಂಸರು ಹೆಚ್ಚು ಎಚ್ಚರ ವಹಿಸಿದರು. ಈ ನ್ಯಾಯದಂತೆ, ಆ ತಾಯಿಯ ಮಾತಿನ ಸನದಿನಲ್ಲಿ ವಿದ್ಯಾರ್ಥಿನಿಯೂ ಒಂದು ಕೊಂಡಿ. ತನ್ನ ಒಲವನ್ನು ಅವಳು ಪರೀಕ್ಷಿಸದಿದ್ದರೆ ಸರಪಳಿ ಅಲ್ಲಿಯೇ ದುರ್ಬಲವಾಗುತ್ತದೆ.

ಸುಮಾರು 1030ರಲ್ಲಿ ಭಾರತದ ಕುರಿತು ಗ್ರಂಥ ರಚಿಸಿದ ಅಲ್ ಬಿರೂನಿ ಇದಕ್ಕೆ ಉಜ್ವಲ ನಿದರ್ಶನ. ಅವರು ಸಂಸ್ಕೃತ ಕಲಿತರು. ಸ್ವಾರ್ಥ, ಸ್ವಪಕ್ಷದ ಪ್ರೀತಿ, ಪರಪಕ್ಷದ ದ್ವೇಷಗಳು ವರದಿಯನ್ನು ಹೇಗೆ ಕೆಡಿಸುತ್ತವೆಂದು ಗ್ರಂಥದ ಆರಂಭದಲ್ಲೇ ವಿವರಿಸಿದರು. ಪರರನ್ನು ಕೀಳಾಗಿ ಕಾಣುವ ದೋಷ ಹಿಂದೂಗಳಲ್ಲಿ ಮಾತ್ರವಲ್ಲ, ನಮ್ಮಲ್ಲೂ, ಎಲ್ಲ ಜನಾಂಗಗಳಲ್ಲೂ ಇದೆಯೆಂದು ಒಪ್ಪಿದರು. ನಮ್ಮ ನಾಡಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಅಧ್ಯಯನ ನಡೆಸಿದರು. 1970ರಲ್ಲಿ ಅಮೆರಿಕದಲ್ಲಿ ಅವರು ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದಾಗ ಬಹುಮಟ್ಟಿಗೆ ನೆನಪಿನಿಂದ ಬರೆದ ಕೃತಿ 1976ರಲ್ಲಿ ಪ್ರಕಟವಾಯಿತು. ಊರಿನ ಪ್ರಬಲರ ಆಸರೆಯಲ್ಲಿದ್ದ ತನಗೆ ಹೆಚ್ಚಾಗಿ ಮೇಲ್ಜಾತಿಗಳ ಕಣ್ಣಿನ ಹಳ್ಳಿಯೇ ಕಂಡಿತೆಂದು ಅವರು ಅದರಲ್ಲಿ ಬರೆದುಕೊಂಡರು. ಅದರಿಂದ ಆ ಕೃತಿಯ ವಿಶ್ವಾಸಾರ್ಹತೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ನಮ್ಮ ಸಮುದಾಯಕ್ಕೆ ಇದು ಬರೇ ಪಠ್ಯದ ವಿಷಯವಲ್ಲ. ನಮ್ಮ ಕುರಿತು ಹೊರಗಿನವರು ಬರೆದಾಗ ಅವರ ಪೂರ್ವಗ್ರಹವನ್ನು ನಾವು ಕೂಡಲೇ ಗುರುತಿಸುತ್ತೇವೆ. ಅದು ಸರಿಯೇ. ಆದರೆ ನಮ್ಮವರೇ ನಮ್ಮನ್ನು ಕುರಿತು ಬರೆದಾಗ, ಮರ್ಯಾದೆ ಕಾಯುವ ಆತುರದಲ್ಲಿ ತಾಯಂದಿರ ನೋವು ಮರೆಯಾಗುತ್ತದೆ. ನ್ಯಾಯದ ಸಾಕ್ಷ್ಯವು ಸ್ವತಃ ನಮಗೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಅದರಲ್ಲಿ ದೃಢವಾಗಿ ನಿಲ್ಲಬೇಕೆಂಬ ಆದೇಶ (ಅನ್ನಿಸಾ: 135) ಸಂಶೋಧಕನಿಗೂ ಅನ್ವಯಿಸುತ್ತದೆ. ಸಂಶಯದಿಂದ, ಪರರ ಗುಟ್ಟು ಕೆದಕುವುದರಿಂದ ದೂರವಿರಬೇಕೆಂಬ ಆದೇಶವೂ (ಅಲ್ ಹುಜುರಾತ್: 12) ಜೊತೆಗಿದೆ. ನೋವನ್ನು ದಾಖಲಿಸಬೇಕು, ಮನೆಯ ಗುಟ್ಟನ್ನು ಬೀದಿಗೆ ತರಬಾರದು. ಇವೆರಡರ ನಡುವಿನ ದಾರಿ ಸೂಕ್ಷ್ಮವಾದುದು. ನಿಯ್ಯತ್ ಶುದ್ಧವಿಲ್ಲದೆ ಅದರಲ್ಲಿ ನಡೆಯಲಾಗದು.

ಒಂದು ಎಚ್ಚರಿಕೆಯೂ ಅಗತ್ಯ. ತನ್ನನ್ನು ನೋಡಿಕೊಳ್ಳುವುದೆಂದರೆ ತನ್ನ ಬಗ್ಗೆಯೇ ಬರೆಯುವುದಲ್ಲ. ಸಂಶೋಧಕನ ಭಾವನೆಗಳೇ ಪುಟಗಳನ್ನು ತುಂಬಿ ಆ ತಾಯಿ ಮೂಲೆಗೆ ಸರಿದರೆ ಅದು ರಿಯಾದ ಇನ್ನೊಂದು ರೂಪ. ಇಮಾಮ್ ಗಝ್ಝಾಲಿ(ರ) ಮುಹಾಸಬವನ್ನು ವ್ಯಾಪಾರಿಯೊಬ್ಬ ಪಾಲುದಾರನೊಂದಿಗೆ ನಡೆಸುವ ವ್ಯವಹಾರಕ್ಕೆ ಹೋಲಿಸುತ್ತಾರೆ: ಮೊದಲು ಷರತ್ತು, ನಡುವೆ ನಿಗಾ, ಕೊನೆಗೆ ಲೆಕ್ಕ. ವ್ಯಾಪಾರಿ ಲೆಕ್ಕ ನೋಡುವುದು ವ್ಯಾಪಾರವನ್ನು ಸರಿಪಡಿಸಲು, ಲೆಕ್ಕದ ಪುಸ್ತಕವನ್ನು ಜನರಿಗೆ ತೋರಿಸಿ ಮೆರೆಯಲಲ್ಲ.

ಆದುದರಿಂದ ನಮ್ಮ ಮಕ್ಕಳು, ಅವರು ಶಿಕ್ಷಕರಾಗಲಿ, ದಾದಿಯರಾಗಲಿ, ಮದ್ರಸದ ಉಸ್ತಾದರಾಗಲಿ, ದಿನದ ಕೊನೆಗೆ ಮೂರು ಪ್ರಶ್ನೆಗಳನ್ನು ತಮಗೆ ಕೇಳಿಕೊಳ್ಳಲಿ. ಇಂದು ನಾನು ಕೇಳಿದ್ದೇನು, ಕೇಳಬೇಕೆಂದು ಬಯಸಿದ್ದೇನು? ನನ್ನ ಭಾಷೆ, ವೇಷ, ಸ್ಥಾನಗಳು ಯಾರ ಬಾಯನ್ನು ಮುಚ್ಚಿಸಿದವು? ನಾನು ಬರೆದುದನ್ನು ಆ ವ್ಯಕ್ತಿಯ ಮುಂದೆಯೇ ಓದಬಲ್ಲೆನೇ? ಮನುಷ್ಯನು ಎಷ್ಟೇ ನೆಪಗಳನ್ನು ಮುಂದಿಟ್ಟರೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವ ದಿನವೊಂದಿದೆ (ಅಲ್ ಕಿಯಾಮ: 14-15). ಅಂದು ಆ ತಾಯಿಯೂ ಅಲ್ಲಿರುತ್ತಾರೆ.

ಕೇಳಿದ ಮಾತಿಗೆ ನ್ಯಾಯ ಒದಗಿಸುವ ಕಿವಿಯನ್ನೂ, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಹೃದಯವನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.