ಮಂಡಪಂನ ಬಣ್ಣದ ಮೀನುಗಳು

ರಾಮೇಶ್ವರಕ್ಕೆ ಹೋಗುವವರ ಕಣ್ಣೆಲ್ಲ ಪಾಂಬನ್ ಸೇತುವೆಯ ಮೇಲೆ. 1914ರ ಹಳೆಯ ಸೇತುವೆಯ ಪಕ್ಕದಲ್ಲಿ 2025ರ ಏಪ್ರಿಲ್‌ನಿಂದ ಹೊಸ ರೈಲು ಸೇತುವೆ ಬಂದಿದೆ. ಅದಕ್ಕೆ ಮುಂಚೆ ಸಿಗುವ ಮಂಡಪಂ ಎಂಬ ಪುಟ್ಟ ಊರನ್ನು ಗಮನಿಸುವವರು ಕಡಿಮೆ. ನಾವು ಅಲ್ಲಿ ಇಳಿದದ್ದು ಮಗನ ಹಟಕ್ಕೆ. ಮನೆಯಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ಇಡೋಣ ಅಂತ ಆರು ತಿಂಗಳಿಂದ ತಲೆ ತಿನ್ನುತ್ತಿದ್ದ. "ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ" ಎಂದು ನಮ್ಮ ಯಜಮಾನರು ನಕ್ಕರು.

ಮಂಡಪಂನಲ್ಲಿ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ ಹವಳದ ದಿಬ್ಬಗಳಿವೆ. 1986ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. 1947ರಲ್ಲಿ ಶುರುವಾದ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮುಖ್ಯ ಕಚೇರಿ 1971ರವರೆಗೆ ಇಲ್ಲೇ ಇತ್ತು, ಆಮೇಲೆ ಕೊಚ್ಚಿಗೆ ಹೋಯಿತು. ಈಗಲೂ ಇಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಕ್ಲೌನ್ ಮೀನಿನ ಮೊಟ್ಟೆ ಮರಿಯಾಗಿಸಿ ತೊಟ್ಟಿಯಲ್ಲೇ ಬೆಳೆಸುವ ವಿದ್ಯೆಯನ್ನು ಈ ಸಂಸ್ಥೆಯವರು ಸಾಧಿಸಿದ್ದಾರೆ.

ಗಾಜಿನ ಹಿಂದಿನ ಮೀನುಗಳನ್ನು ನೋಡುತ್ತಾ ನಿಂತರೆ ಸೀರೆ ಅಂಗಡಿಗೆ ಹೋದ ಹಾಗೆ, ಎಲ್ಲವೂ ಬೇಕು ಅನ್ನಿಸುತ್ತೆ! ಆದರೆ ಕೂಡು ಕುಟುಂಬದಲ್ಲಿ ಬಾಳಿದವರಿಗೆ ಗೊತ್ತಲ್ಲ, ಹೊಂದಿಕೊಂಡು ಹೋಗಲು ಬಣ್ಣವಲ್ಲ, ಗುಣ ಬೇಕು.

3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಸುಮಾರು 120 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ನಾಲ್ಕು ಮೀನು ಸಾಕು. ಒಂದು ಜೊತೆ ಕ್ಲೌನ್ ಮೀನು: ಕಿತ್ತಳೆ ಮೈ, ಬಿಳಿ ಪಟ್ಟೆ, ಕಪ್ಪು ಅಂಚು. ಇವು ಹುಟ್ಟುವಾಗ ಎಲ್ಲವೂ ಗಂಡೇ. ಜೊತೆಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಮೊಟ್ಟೆಗೆ ರೆಕ್ಕೆ ಬೀಸಿ ಕಾಯುವ ಕೆಲಸ ಹೆಚ್ಚಾಗಿ ಗಂಡಿನದು. (ನಮ್ಮವರಿಗೆ ಎರಡು ಸಲ ಹೇಳಿದೆ!) ನಡುನೀರಿಗೆ ಒಂದು ಫೈರ್‌ಫಿಶ್, ಮುಂದೆ ಬಿಳುಪು, ಬಾಲದ ಕಡೆ ಕೆಂಪು. ಸಾಧು, ಆದರೆ ಬೆದರಿದರೆ ಹೊರಕ್ಕೆ ಹಾರುತ್ತದೆ, ತೊಟ್ಟಿಗೆ ಮುಚ್ಚಳ ಬೇಕೇ ಬೇಕು. ತಳದ ಮರಳಿಗೆ ಒಂದು ಹಳದಿ ಗೋಬಿ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವುದು ಕಡಿಮೆ, ಜಗಳವೂ ಕಡಿಮೆ. ಸಾಧು ಮೀನುಗಳನ್ನು ಮೊದಲು ಬಿಟ್ಟು, ಕ್ಲೌನ್ ಜೋಡಿಯನ್ನು ಕೊನೆಗೆ ಬಿಡಿ.

ನೀಲಿ ಡ್ಯಾಮ್ಸೆಲ್ ಅಗ್ಗ, ಗಟ್ಟಿ. ಆದರೆ ಒಂದು ಕಲ್ಲಿನ ಸಂದಿ ತನ್ನದೆಂದುಕೊಂಡರೆ ಹೊಸಬರನ್ನು ಕಚ್ಚಿ ಓಡಿಸುತ್ತದೆ. ಬ್ಲೂ ಟ್ಯಾಂಗ್ ಸುಮಾರು ಒಂದು ಅಡಿ ಬೆಳೆಯುತ್ತದೆ. ಲಯನ್‌ಫಿಶ್‌ಗೆ ವಿಷದ ಮುಳ್ಳು, ಜೊತೆಯ ಸಣ್ಣ ಮೀನೇ ಅದಕ್ಕೆ ಊಟ. ಕಡಲಕುದುರೆ, ಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿಸಿದ್ದಾರೆ; ಯಾರಾದರೂ ಗುಟ್ಟಾಗಿ ಕೊಡುತ್ತೇವೆಂದರೂ ಬೇಡ. ಕ್ಲೌನ್ ಮೀನು ಕೊಳ್ಳುವಾಗ "ಇದು ತೊಟ್ಟಿಯಲ್ಲಿ ಹುಟ್ಟಿದ್ದೋ, ಕಡಲಿಂದ ಹಿಡಿದದ್ದೋ?" ಎಂದು ಕೇಳಿ. ತೊಟ್ಟಿಯದು ಬೇಗ ಹೊಂದಿಕೊಳ್ಳುತ್ತದೆ, ಹವಳದ ದಿಬ್ಬವೂ ಬರಿದಾಗುವುದಿಲ್ಲ.

ಉಪ್ಪು ಅಡುಗೆಯದಲ್ಲ, ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪು: ಲೀಟರಿಗೆ ಸುಮಾರು 35 ಗ್ರಾಂ, ಅಂದರೆ 120 ಲೀಟರಿಗೆ 4 ಕಿಲೋಗೂ ಹೆಚ್ಚು. ನೀರು ಆವಿಯಾದರೆ ಸಿಹಿನೀರನ್ನೇ ಸೇರಿಸಿ, ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ. ಮೀನಿನ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳು ಬೆಳೆಯಲು 4ರಿಂದ 6 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯುವುದಿಲ್ಲವೇ, ಹಾಗೆ. ಕರೆಂಟ್ ಹೋದಾಗ ಬ್ಯಾಟರಿಯ ಗಾಳಿ ಪಂಪು ಕೈಗೆಟುಕುವಂತಿರಲಿ.

ನನ್ನನ್ನು ಕಾಡಿದ ಮಾತು ಬೇರೆ. ಚೆನ್ನಾಗಿ ನೋಡಿಕೊಂಡರೆ ಕ್ಲೌನ್ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಮಗ ಈಗ ಒಂಬತ್ತನೇ ಕ್ಲಾಸು. ನಾಳೆ ಹಾಸ್ಟೆಲಿಗೆ ಹೋದರೆ ನೀರು ಬದಲಿಸುವವರು ಯಾರು? ಮಂಡಪಂ ಕಡಲ ದಂಡೆಯಲ್ಲಿ ಕೂತು ಅವನನ್ನು ಇದೇ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಹೋಗುವ ಮುಂಚೆ ಅಪ್ಪನಿಗೆ ಕಲಿಸಿಕೊಡ್ತೀನಮ್ಮ" ಎಂದ. ಅವರಪ್ಪ ಕಡಲ ಕಡೆ ನೋಡುತ್ತಾ, "ಸರಿ, ಕಲೀತೀನಿ" ಎಂದರು.

ನೀವೂ ಮೀನಿನ ಬಣ್ಣ ಆರಿಸುವ ಮುಂಚೆ ಮನೆಯವರ ಹತ್ತಿರ ಈ ಮಾತು ಇತ್ಯರ್ಥ ಮಾಡಿಕೊಳ್ಳಿ. ನಮ್ಮ ತೊಟ್ಟಿಗೆ ಈಗ ಮೂರನೇ ವಾರ. ಮೀನು ಇನ್ನೂ ಬಂದಿಲ್ಲ.